ಹೆಬ್ಬೆಟ್ಟಿಗೆ ಬಿದ್ದ ಚಪ್ಪಾಳೆ

ಒಂದು ಬೀಗ ತೆಗೆಸಬೇಕೆಂದು ನಾನು ದಿಲ್ಲಿಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಹೋದೆ. ಇದನ್ನು ಓದಿದವರು ನಗಬಹುದು. ಧಾರವಾಡದಲ್ಲಿ ನನ್ನೊಡನೆ ಎಂ.ಎ. ಓದುತ್ತಿದ್ದ ಗೆಳೆಯರೂ ಅಂದು ನಕ್ಕರು. ನಕ್ಕ ಮೇಲೆ ಒಬ್ಬ ತನ್ನ ಉಣ್ಣೆಯ ಕೋಟನ್ನು ಕೊಟ್ಟ, ಇನ್ನೊಬ್ಬ ಮುಂಬಯಿಯಲ್ಲಿರುವ ತನ್ನ ಸೋದರಮಾವನ ವಿಳಾಸ ಬರೆದುಕೊಟ್ಟ. ಯಾವ ಬೀಗ, ಅದಕ್ಕೂ ಸಿನಿಮಾಕ್ಕೂ ಏನು ಸಂಬಂಧ ಎಂಬುದನ್ನು ಮೊದಲು ಹೇಳಬೇಕು.

ನಮ್ಮೂರು ಹಾನಗಲ್ ತಾಲೂಕಿನದು, ತಿಳವಳ್ಳಿಯಿಂದಾಚೆ ಗಾಡಿಯ ದಾರಿ. ಅರವತ್ತರ ದಶಕದ ಆರಂಭದಲ್ಲಿ ಊರ ನಡುವೆ ಹೆಂಚಿನ ಮಾಡಿನ ಒಂದು ದವಾಖಾನೆ ಎದ್ದಿತು. ಸುಣ್ಣ ಬಳಿದರು, ಫಲಕ ಹಾಕಿದರು, ಬಾಗಿಲಿಗೆ ಹಸಿರು ಬಣ್ಣ ಕೊಟ್ಟರು. ನೇಮಕಗೊಂಡ ಡಾಕ್ಟರು ಒಂದು ದಿನ ಬಂದರು. ಪಾಟೀಲರ ಮನೆಯಲ್ಲಿ ಊಟ ಮಾಡಿದರು. ಪುಸ್ತಕದಲ್ಲಿ ಸಹಿ ಹಾಕಿದರು. ಸವಣೂರಿನಲ್ಲಿ ಕೆಲವು ದಿನಗಳ ಮಟ್ಟಿಗೆ ಕೆಲಸವಿದೆ ಎಂದು ಹೊರಟರು. ಆ ಕೆಲವು ದಿನಗಳು ಇನ್ನೂ ಮುಗಿದಿಲ್ಲ. ಬೀಗದ ಕೈ ಪಾಟೀಲರ ಗೂಟಕ್ಕೆ ಹೋಯಿತು. ನಾವು ಬರೆದ ಅರ್ಜಿಗಳು ಹಾನಗಲ್ಲಿನ ಕಚೇರಿಗೆ ಹೋದವು. ಅಲ್ಲಿಂದ ಎಲ್ಲಿಗೆ ಹೋದವೆಂದು ಹೇಳಬಲ್ಲ ಒಬ್ಬ ಮನುಷ್ಯನೂ ಆ ಕಚೇರಿಯಲ್ಲಿ ನನಗೆ ಸಿಕ್ಕಲಿಲ್ಲ.

ನನ್ನ ಅಕ್ಕನನ್ನು ಹಿರೇಕೆರೂರು ಕಡೆಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನೋವು ಎದ್ದು ಒಂದು ಹಗಲು ಕಳೆದರೂ ಕೂಸು ಹೊರಗೆ ಬರಲಿಲ್ಲ. ಸೂಲಗಿತ್ತಿ ಕೈಬಿಟ್ಟಾಗ ಅಪ್ಪ ಗಾಡಿ ಹೂಡಿದ. ದವಾಖಾನೆಯ ಹಸಿರು ಬಾಗಿಲಿನ ಮುಂದಿನಿಂದಲೇ ಗಾಡಿ ಹೋಗಬೇಕು, ಬೇರೆ ದಾರಿಯಿಲ್ಲ. ಹಾನಗಲ್ಲಿಗೆ ಹೊರಟ ಗಾಡಿ ಅಕ್ಕಿಆಲೂರನ್ನು ದಾಟುವ ಮೊದಲೇ ಕೂಸು ಹೋಯಿತು. ಅಕ್ಕ ಉಳಿದಳು. ಉಳಿದಳು ಎಂಬುದಕ್ಕಿಂತ ಹೆಚ್ಚಾಗಿ ಏನೂ ಹೇಳುವಂತಿರಲಿಲ್ಲ. ಒಂದು ವರ್ಷ ಅವಳು ನಕ್ಕದ್ದನ್ನು ಯಾರೂ ಕಾಣಲಿಲ್ಲ.

ಮರುವರ್ಷ ದೀಪಾವಳಿಗೆ ಅವಳು ತವರಿಗೆ ಬಂದಿದ್ದಾಗ, ಭತ್ತದ ಕೊಯ್ಲಿನ ನಡುವೆ, ಮುಂಬಯಿಯ ಒಂದು ಚಿತ್ರಕಂಪನಿಯ ಮೂವರು ಜೀಪಿನಲ್ಲಿ ಬಂದಿಳಿದರು. ಹಳ್ಳಿಗಳ ಏಳಿಗೆಯ ಮೇಲೆ ಒಂದು ಕಿರುಚಿತ್ರ ತೆಗೆಯುತ್ತಿದ್ದರು. ಶಿಗ್ಗಾವಿ ಕಡೆಯ ಹೊಸ ರಸ್ತೆಯನ್ನೂ ಸವಣೂರಿನ ಎಲೆತೋಟಗಳನ್ನೂ ಮುಗಿಸಿಕೊಂಡು ನಮ್ಮ ಭತ್ತದ ಗದ್ದೆಗಳಿಗೆ ಬಂದಿದ್ದರು. ಅವರ ಮುಖ್ಯಸ್ಥ ಖಾದಿ ಅಂಗಿ ತೊಟ್ಟ, ದಪ್ಪ ಚಷ್ಮಾದ, ಮೃದುಮಾತಿನ ಮನುಷ್ಯ. ಊರಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ರಜೆಯಲ್ಲಿ ಮನೆಗೆ ಬಂದಿದ್ದೆ. ದುಭಾಷಿಯಾದೆ. ನನ್ನ ಇಂಗ್ಲಿಷನ್ನು ಆತ ಮೊದಲ ದಿನವೇ ಹೊಗಳಿದ. ಆ ಹೊಗಳಿಕೆಯ ಅಮಲು ನನಗೆ ಮೂರು ದಿನ ಇಳಿಯಲಿಲ್ಲ ಎಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ, ಏಕೆಂದರೆ ಮುಂದಿನದೆಲ್ಲಕ್ಕೂ ಅದು ಕಾರಣ.

ಕ್ಯಾಮೆರಾದವನ ಸಹಾಯಕ ಪ್ರತಿಸಲವೂ ಯಂತ್ರದ ಕಣ್ಣಿನಿಂದ ಎದುರಿಗಿದ್ದವರ ಮೂಗಿನವರೆಗೆ ಟೇಪು ಹಿಡಿದು ಅಳೆಯುತ್ತಿದ್ದ. ಬಿಂಬ ನಿಚ್ಚಳವಾಗಿ ಬೀಳುವುದಕ್ಕೆ ಅದು ಬೇಕು. ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆದು ಎತ್ತಿ ಹಿಡಿಯುತ್ತಿದ್ದ. ನಮ್ಮೂರಿನವರು ಟೇಪನ್ನು ಕಂಡದ್ದು ಹೊಲದ ಮೋಜಣಿಯಲ್ಲಿ. ಯಾವನೋ ಪರಸ್ಥಳದ ಸಾಹೇಬ ಬಂದು ಬರೆದುಕೊಳ್ಳುವುದನ್ನು ಕಂಡದ್ದು ಪಂಚನಾಮೆಯಲ್ಲಿ. ಎರಡೂ ಒಟ್ಟಿಗೆ ಬಂದಮೇಲೆ ಅವರಿಗೆ ಸಂಶಯವೇ ಉಳಿಯಲಿಲ್ಲ: ಸರಕಾರ ಕೊನೆಗೂ ಊರಿನ ಜಬಾನಿ ತೆಗೆದುಕೊಳ್ಳಲು ಬಂದಿದೆ. ಕೋರ್ಟಿನಲ್ಲಿ ಸಾಕ್ಷಿ ಹೇಳುವ ಮಾತಿಗೆ ನಮ್ಮಲ್ಲಿ ಜಬಾನಿ ಎನ್ನುತ್ತಾರೆ. ನಾನು ಅವರನ್ನು ತಿದ್ದಲಿಲ್ಲ. ಒಂದು ರೀತಿಯಲ್ಲಿ ನಾನೂ ಅದನ್ನೇ ನಂಬಿದ್ದೆ. ಚಿತ್ರವೆಂದರೆ ದಿಲ್ಲಿಯವರೆಗೆ ಹೋಗುವ ಸಾಕ್ಷಿಯಲ್ಲದೆ ಮತ್ತೇನು?

ಎರಡನೆಯ ದಿನ ದವಾಖಾನೆಯ ಸರದಿ. ಪಾಟೀಲರು ಬೀಗ ತೆಗೆಸಿದರು. ಒಳಗಿನ ಧೂಳನ್ನು ಹೆಂಗಸರು ಗುಡಿಸಿದರು. ಅಕ್ಕಿಆಲೂರಿನ ಔಷಧಿ ಅಂಗಡಿಯಲ್ಲಿ ಪುಡಿ ಕಟ್ಟುತ್ತಿದ್ದವನನ್ನು ಜೀಪಿನಲ್ಲಿ ಕರೆತಂದು ಬಿಳಿ ಕೋಟು ತೊಡಿಸಿ ಕುರ್ಚಿಯಲ್ಲಿ ಕೂರಿಸಿದರು. ಆತನ ಕೊರಳಿಗೆ ಹಾಕಿದ ಕೊಳವೆ ಕಂಪನಿಯವರ ಪೆಟ್ಟಿಗೆಯಿಂದ ಬಂದದ್ದು. ಇದೆಲ್ಲವೂ ನನ್ನ ಕಣ್ಣ ಮುಂದೆ ನಡೆಯಿತು. ಇದೇಕೆ ಎಂದು ಕೇಳಿದೆ. "ಕಟ್ಟಡ ಇದೆಯಲ್ಲ, ಡಾಕ್ಟರು ಬರುತ್ತಾರಲ್ಲ, ನಾಳೆ ಇರುವುದನ್ನು ಇವತ್ತು ತೋರಿಸುತ್ತೇವೆ, ಅಷ್ಟೆ," ಎಂದ ಮುಖ್ಯಸ್ಥ. ಎಷ್ಟು ಚೆನ್ನಾಗಿ ಹೇಳಿದ! ನಾನು ತಲೆಯಾಡಿಸಿದೆ.

ಆಮೇಲೆ ದವಾಖಾನೆಯ ಕಟ್ಟೆಯ ಮೇಲೆ ಹೆಂಗಸರನ್ನು ಕೂರಿಸಿದರು. ಮುಖ್ಯಸ್ಥನ ಕಣ್ಣು ಅಕ್ಕನ ಮೇಲೆ ಬಿತ್ತು. "ಆಕೆ ಏನಾದರೂ ಮಾತಾಡಲಿ. ಮಾತಾಡುವ ಮುಖಕ್ಕೆ ಜೀವವಿರುತ್ತದೆ," ಎಂದ. ನಾನು ಅಕ್ಕನಿಗೆ, "ಅಕ್ಕಾ, ಏನ್ ಹೇಳಬೇಕಂತೀಯೋ ಹೇಳು. ಇದು ದಿಲ್ಲಿ ತನಕಾ ಹೋಗ್ತದ," ಎಂದೆ.

ಸಹಾಯಕ ಟೇಪು ಹಿಡಿದ. ಹಿಂದೆ ಕುಳಿತಿದ್ದ ನೆರೆಮನೆಯ ಮುದುಕಿ ಕೂಗಿದಳು: "ಮೂಗು ಅಳಿಯಾಕತ್ತಾರವಾ! ಹೊಲಾ ಆತು, ಮನಿ ಆತು, ಇನ್ನ ಮೂಗಿನ ಮ್ಯಾಲೂ ಕಂದಾಯ ಕುಂದರಸ್ತಾರ ನೋಡು!"

"ನಿಂದು ಸಣ್ಣದೈತಿ ಬಿಡು ಆಯೀ, ಮಾಫಿ ಆಕ್ಕತಿ," ಎಂದಳು ಪಕ್ಕದವಳು.

ಅಕ್ಕ ನಗಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಜಬಾನಿಯ ಕ್ರಮ ಅವಳಿಗೆ ಗೊತ್ತಿತ್ತು. ಅಪ್ಪನ ಹೊಲದ ತಕರಾರಿನಲ್ಲಿ ಕೇಳಿದ್ದಳು. ಮೊದಲು ತನ್ನ ಹೆಸರು ಹೇಳಿದಳು, ವಯಸ್ಸು ಅಂದಾಜಿನಲ್ಲಿ ಹೇಳಿದಳು. ಗಂಡನ ಹೆಸರು ಹೇಳಬೇಕಾದಲ್ಲಿ ನಿಂತುಬಿಟ್ಟಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರೆತ್ತುವುದಿಲ್ಲ.

"ಹೆಸರ ಹೇಳ್ಲಾರದ ಜಬಾನಿ ನಡೀತದೇನೋ ತಮ್ಮಾ?" ಎಂದಳು ನನ್ನ ಕಡೆ ನೋಡಿ.

"ಒಡಪು ಹಾಕಿ ಹೇಳವಾ, ಒಡಪು ಹಾಕಿ!" ಎಂದು ಹೆಂಗಸರು ಗದ್ದಲವೆಬ್ಬಿಸಿದರು. ಮದುವೆಯಲ್ಲಿ ಮದುಮಗಳು ಗಂಡನ ಹೆಸರನ್ನು ಪ್ರಾಸದ ಪದದಲ್ಲಿ ಅಡಗಿಸಿ ಹೇಳುವುದು ಒಡಪು. "ಸರಕಾರದ ಮುಂದ ನಾಚಿಕಿ ಏನ? ಹೇಳ, ಹೇಳ!"

ಆಗ ಅಕ್ಕ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣು ತುಂಬುವ ಹಾಗೆ, ಮದುವಣಗಿತ್ತಿಯ ಹಾಗೆ ನಕ್ಕಳು. ಒಂದು ವರ್ಷದ ಮೇಲೆ ನಕ್ಕಳು. ಯಂತ್ರ ಗಿರಗಿರನೆ ತಿರುಗುತ್ತಿತ್ತು. ಗಂಡನ ಹೆಸರನ್ನು ನಾನು ಹೇಳಿದೆ. ಅಕ್ಕನ ಮುಖ ಮತ್ತೆ ಹಳೆಯದಾಯಿತು.

"ನನ್ನ ಕೂಸು ಅಕ್ಕಿಆಲೂರು ದಾಟಲಿಲ್ರೀ," ಎಂದಳು. "ಈ ದವಾಖಾನಿ ನಮ್ಮ ಮನಿಂದ ಕೂಗಿದ್ರ ಕೇಳೂವಷ್ಟು ದೂರ ಐತಿ. ಬಾಗಲಕ್ಕ ಬೀಗ. ಡಾಕ್ಟರು ಬಂದ್ರು, ಸಹಿ ಮಾಡಿದ್ರು, ಹ್ವಾದ್ರು. ನಮ್ಮ ಗಾಡಿ ಇದರ ಮುಂದಿಂದ ಹ್ವಾತು. ನಾ ಒಳಗ ಮಲಗಿದ್ದೆ, ಬಾಗಲಾ ನೋಡಿದೆ, ಬೀಗಾ ನೋಡಿದೆ. ಬಾಗಲಾ ತೆಗಿಸಿ ಕೊಡ್ರಿ. ಮತ್ತೇನೂ ಬೇಡೂದಿಲ್ಲ ನಾ."

ಅಕ್ಕ ಬಲಗೈ ಮುಷ್ಟಿ ಮಾಡಿ, ಹೆಬ್ಬೆರಳನ್ನು ಮೇಲಕ್ಕೆ ನೆಟ್ಟಗೆ ಮಾಡಿ, ಯಂತ್ರದ ಕಡೆಗೆ ಚಾಚಿದಳು. "ಹೆಬ್ಬಟ್ಟು ಎಲ್ಲಿ ಒತ್ತಲಿರಿ?" ಎಂದು ಕೇಳಿದಳು.

ಮುಖ್ಯಸ್ಥ ನನ್ನ ಕಡೆ ತಿರುಗಿ, "ಏನನ್ನುತ್ತಿದ್ದಾಳೆ?" ಎಂದ.

ನನಗೆ ನಾಚಿಕೆಯಾಯಿತು. ಎಂ.ಎ. ಓದುವವನ ಒಡಹುಟ್ಟಿದವಳಿಗೆ ಸಹಿ ಬಾರದು ಎಂದು ಆ ಮೃದುಮಾತಿನ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಹೇಳಲು ನನ್ನ ನಾಲಿಗೆ ಏಳಲಿಲ್ಲ. "ಆಯಿತೇ ಎಂದು ಕೇಳುತ್ತಿದ್ದಾಳೆ," ಎಂದುಬಿಟ್ಟೆ.

"ಬಹಳ ಚೆನ್ನಾಗಿದೆ. ಇನ್ನೊಮ್ಮೆ ಹಾಗೆಯೇ ಕೈ ಹಿಡಿಯಲು ಹೇಳಿ."

"ಅಕ್ಕಾ, ಇನ್ನೊಮ್ಮಿ ಹಂಗ ಹಿಡಿ," ಎಂದೆ. ಅಕ್ಕ ಹಿಡಿದಳು. ಶಾಯಿ ಬರಲಿಲ್ಲ. ಟೇಪಿನವನು ಮತ್ತೊಮ್ಮೆ ಅಳೆದ, ಈಗ ಹೆಬ್ಬೆರಳಿನವರೆಗೆ.

ಅಂದು ಸಂಜೆಯೇ ನನಗೆ ತಿಳಿದದ್ದು, ಆ ಯಂತ್ರ ಮಾತನ್ನು ಹಿಡಿಯುವುದಿಲ್ಲ ಎಂದು. ಬಿಂಬ ಮಾತ್ರ, ಧ್ವನಿಯನ್ನು ಮುಂಬಯಿಯಲ್ಲಿ ಸೇರಿಸುತ್ತಾರೆ. ನಾನು ಗಾಬರಿಯಾದೆ. "ಆಕೆ ಹೇಳಿದ್ದನ್ನು ಬರೆದುಕೊಡಿ," ಎಂದ ಮುಖ್ಯಸ್ಥ. ಎರಡು ಹಾಳೆಗಳಲ್ಲಿ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಒಂದು ಪದವನ್ನೂ ಬಿಡಲಿಲ್ಲ, ಹೆಬ್ಬೆಟ್ಟೊಂದನ್ನು ಬಿಟ್ಟು. ಆತ ಹಾಳೆಗಳನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಮನೆಗೆ ಬಂದು ಅಕ್ಕನಿಗೆ, "ಎಲ್ಲಾ ಬರಕೊಂಡಾರ," ಎಂದೆ.

ಅದರ ಮುಂದಿನ ವರ್ಷದ ಕೊನೆಗೆ ಆತನ ಪತ್ರ ಧಾರವಾಡಕ್ಕೆ ಬಂತು. ಚಿತ್ರ ದಿಲ್ಲಿಯ ಉತ್ಸವಕ್ಕೆ ಆರಿಸಿ ಬಂದಿದೆ, ಹಲವು ದೇಶಗಳವರು ನೋಡಲಿದ್ದಾರೆ, ಬರುವುದಾದರೆ ಪ್ರೇಕ್ಷಕನ ಪಾಸು ಕೊಡಿಸುತ್ತೇನೆ ಎಂದು ಬರೆದಿದ್ದ. ಅದೇ ವಾರ ಅವ್ವನಿಂದಲೂ ಸುದ್ದಿ ಬಂದಿತ್ತು: ಅಕ್ಕ ಮತ್ತೆ ಬಸುರಿ, ತವರಿಗೆ ಬಂದಿದ್ದಾಳೆ, ಶಿವರಾತ್ರಿಯ ಸುಮಾರಿಗೆ ದಿನ ತುಂಬುತ್ತದೆ. ಎರಡು ಕಾಗದಗಳನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟು ನೋಡಿದೆ. ಉತ್ಸವಕ್ಕೆ ಮಂತ್ರಿಗಳು ಬರುತ್ತಾರೆ, ದೊಡ್ಡ ಅಧಿಕಾರಿಗಳು ಬರುತ್ತಾರೆ. ಅಕ್ಕನ ಮಾತನ್ನು ಅವರು ತೆರೆಯ ಮೇಲೆ ಕೇಳುತ್ತಾರೆ. ಕೇಳಿದ ಮರುಗಳಿಗೆಯಲ್ಲಿ ನಾನು ಊರವರ ಅರ್ಜಿಯನ್ನು ಅವರ ಕೈಗಿಡುತ್ತೇನೆ. ಶಿವರಾತ್ರಿಯೊಳಗೆ ಬೀಗ ತೆಗೆಯಬೇಕು. ಇಷ್ಟೇ ನನ್ನ ಯೋಜನೆ. ಊರಿಗೆ ಹೋಗಿ ಅರ್ಜಿಗೆ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು, ಹಾವೇರಿಯಲ್ಲಿ ರೈಲು ಹತ್ತಿದೆ.

ಪುಣೆ, ಮುಂಬಯಿ ದಾಟಿ ದಿಲ್ಲಿ ತಲುಪುವಷ್ಟರಲ್ಲಿ ಗೆಳೆಯನ ಕೋಟಿನ ಒಳಗೂ ಚಳಿ ಹೊಕ್ಕಿತ್ತು. ಅಂಥ ಚಳಿಯನ್ನು ನಮ್ಮ ಕಡೆಯವರು ಕಂಡಿಲ್ಲ. ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಉತ್ಸವದ ಮಂದಿರದ ಮುಂದೆ ನಾನಾ ದೇಶಗಳ ಬಾವುಟಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಮಿರುಗುವ ಮೋಟಾರುಗಳಿಂದ ನಟಿಯರು ಇಳಿಯುತ್ತಿದ್ದರು, ಹಗ್ಗದ ಆಚೆ ನಿಂತ ಜನ ಅವರ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಪಾಸಿಗಾಗಿ ಸಾಲಿನಲ್ಲಿ ನಿಂತೆ. ನನ್ನ ಹಿಂದೆ ನಿಂತ ಇಬ್ಬರು ವಿದ್ಯಾರ್ಥಿಗಳು ಚಿತ್ರದಲ್ಲಿ ಸತ್ಯವೆಂದರೆ ಏನು ಎಂದು ಹುರುಪಿನಿಂದ ವಾದಿಸುತ್ತಿದ್ದರು. ಅವರ ಮಾತು ನನಗೆ ಇಷ್ಟವಾಯಿತು. ನನ್ನ ಜನ ಸಿಕ್ಕರು ಎನ್ನಿಸಿತು. ಅಕ್ಕನ ಮಾತು ಬಿತ್ತುವುದಕ್ಕೆ ಇಂಥ ನೆಲ ಬೇರೆಲ್ಲಿದೆ ಎಂದುಕೊಂಡೆ.

ಕಿರುಚಿತ್ರಗಳ ಪ್ರದರ್ಶನ ಮರುದಿನ ಬೆಳಿಗ್ಗೆ. ಮೊದಲ ದಿನ ಮಧ್ಯಾಹ್ನ ಯಾವುದೋ ಹಿಮದ ದೇಶದ ದೊಡ್ಡ ಚಿತ್ರವೊಂದನ್ನು ನೋಡಿದೆ. ಯುದ್ಧಕ್ಕೆ ಹೋದ ಗಂಡನ ದಾರಿ ಕಾಯುವ ಒಬ್ಬ ರೈತ ಹೆಂಗಸು. ಅವಳು ಒಲೆಯ ಮುಂದೆ ಕುಳಿತು ತನ್ನಷ್ಟಕ್ಕೆ ಗೊಣಗಿದ್ದೂ ತೆರೆಯ ಕೆಳಗೆ ಬಿಳಿಯ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುತ್ತಿತ್ತು. ಅವಳು ನಿಟ್ಟುಸಿರು ಬಿಟ್ಟರೆ ಇಡೀ ಸಭಾಂಗಣ ನಿಟ್ಟುಸಿರು ಬಿಡುತ್ತಿತ್ತು. ಅವಳ ಭಾಷೆಯ ಒಂದು ಪದವೂ ನನಗೆ ತಿಳಿಯದು, ಆದರೂ ಅವಳ ಅಳಲು ನನಗೆ ಪೂರ್ತಿ ತಿಳಿಯಿತು. ನಾನು ಅತ್ತೆ; ನಾಳೆ ಇದೇ ಕುರ್ಚಿಗಳಲ್ಲಿ ಕುಳಿತವರು ನನ್ನ ಅಕ್ಕನಿಗಾಗಿ ಅಳುತ್ತಾರೆ ಎಂಬ ಸಂತೋಷದಿಂದಲೂ ಅತ್ತೆ.

ಮರುದಿನ ಮುಂದಿನಿಂದ ಐದನೆಯ ಸಾಲಿನಲ್ಲಿ ಕುಳಿತೆ. ಅರ್ಜಿ ಕೋಟಿನ ಒಳಜೇಬಿನಲ್ಲಿತ್ತು. ದೀಪ ಆರಿತು. ಕೊಳಲು ಶುರುವಾಯಿತು. ಸವಣೂರಿನ ಎಲೆಬಳ್ಳಿಗಳು ಬಂದವು, ಶಿಗ್ಗಾವಿಯ ರಸ್ತೆ ಬಂತು, ನಮ್ಮ ಗದ್ದೆಗಳು ಬಂದವು. ಕಪ್ಪು ಬಿಳುಪಿನಲ್ಲಿ ಅವು ನಿಜಕ್ಕೂ ಸುಂದರವಾಗಿದ್ದವು. ಘನವಾದ ಗಂಡು ಧ್ವನಿಯೊಂದು ಇಂಗ್ಲಿಷಿನಲ್ಲಿ ವಿವರಣೆ ಕೊಡುತ್ತಿತ್ತು. ದವಾಖಾನೆ ಬಂತು. ಬಿಳಿ ಕೋಟಿನ ಪುಡಿ ಕಟ್ಟುವವನು ಒಂದು ಮಗುವಿನ ಎದೆಗೆ ಕೊಳವೆಯಿಟ್ಟು ಗಂಭೀರವಾಗಿ ಆಲಿಸುತ್ತಿದ್ದ. ಇಲ್ಲಿ ಇನ್ನು ಯಾರೂ ಕಾಯಿಲೆಯಲ್ಲಿ ಒಂಟಿಯಲ್ಲ ಎಂದಿತು ಧ್ವನಿ.

ಆಮೇಲೆ ಅಕ್ಕ ಬಂದಳು.

ಮನೆಗಿಂತ ದೊಡ್ಡದಾದ ಮುಖ. ಅವಳ ತುಟಿಗಳು ಆಡುತ್ತಿದ್ದವು, ಕೊಳಲು ಕೇಳುತ್ತಿತ್ತು. ಕೆಳಗೆ ಬಿಳಿಯ ಅಕ್ಷರಗಳಿಗಾಗಿ ಹುಡುಕಿದೆ. ತೆರೆಯ ಕೆಳಗಂಚು ಬರೀ ಕಪ್ಪಾಗಿತ್ತು. ಅವಳ ತುಟಿಗಳು ಒಮ್ಮೆ ಮುಚ್ಚಿ ತೆರೆದವು, ಮತ್ತೊಮ್ಮೆ ಮುಚ್ಚಿ ತೆರೆದವು. ಬಾಗಲಾ. ಬೀಗಾ. ಆ ಸಾವಿರ ಜನರ ನಡುವೆ ಆ ತುಟಿಗಳನ್ನು ಓದಬಲ್ಲವನು ನಾನೊಬ್ಬನೇ. ಅಷ್ಟರಲ್ಲಿ ಚಿತ್ರ ಕತ್ತರಿಸಿ ಅವಳ ನಗುವಿಗೆ ಹೋಯಿತು. ಗಂಡನ ಹೆಸರಿಗೆ ನಾಚಿ ನಕ್ಕ ನಗು, ಮಾತಿಗಿಂತ ಮೊದಲು ನಕ್ಕದ್ದು, ಈಗ ಮಾತಿನ ಫಲವಾಗಿ ಬಂದಿತ್ತು. ಕೊನೆಗೆ ಕೈ. ಮುಷ್ಟಿ, ನೆಟ್ಟಗೆ ನಿಂತ ಹೆಬ್ಬೆರಳು. ಕೇಳಿ ನೋಡಿ, ಎಲ್ಲವೂ ಕ್ಷೇಮ ಎನ್ನುತ್ತಾಳೆ ಈಕೆ, ಎಂದಿತು ಆ ಘನವಾದ ಧ್ವನಿ. ಕೊಳಲು ಏರಿತು. ಚಿತ್ರ ಮುಗಿಯಿತು.

ಚಪ್ಪಾಳೆ ಮಳೆಯ ಹಾಗೆ ಬಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ವಿದೇಶೀಯ, ನೆರೆತ ಗಡ್ಡದ ಸಜ್ಜನ, ನನ್ನ ಕಡೆ ತಿರುಗಿ ಮುಗುಳ್ನಕ್ಕು ತನ್ನ ಹೆಬ್ಬೆರಳನ್ನು ಎತ್ತಿ ತೋರಿಸಿದ. ಅವರ ಕಡೆ ಆ ಬೆರಳಿಗೆ ಎಲ್ಲ ಸರಿಯಾಗಿದೆ ಎಂದು ಅರ್ಥ. ನಮ್ಮ ಕಡೆ ಅದಕ್ಕೆ ಅಕ್ಷರ ಬಾರದು ಎಂದು ಅರ್ಥ, ಇಷ್ಟು ಹೇಳಿದ್ದಕ್ಕೆ ನಾನು ಬಾಧ್ಯಳು ಎಂದು ಅರ್ಥ. ಅವನ ತಪ್ಪೇನೂ ಇರಲಿಲ್ಲ.

ಪ್ರದರ್ಶನದ ನಂತರ ಚರ್ಚೆಯಿತ್ತು. ವೇದಿಕೆಯ ಮೇಲೆ ಮುಖ್ಯಸ್ಥನೂ ಇನ್ನಿಬ್ಬರೂ ಕುಳಿತಿದ್ದರು. ನಾನು ಎದ್ದು ನಿಂತೆ.

"ಪ್ರಶ್ನೆಯೋ, ಭಾಷಣವೋ?" ಎಂದು ಕೇಳಿದರು ಅಧ್ಯಕ್ಷರು. ಜನ ನಕ್ಕರು.

"ಕೊನೆಯಲ್ಲಿ ಕಂಡ ಹೆಂಗಸು ಕ್ಷೇಮ ಎಂದು ಹೇಳಲಿಲ್ಲ," ಎಂದೆ. "ಬಾಗಿಲು ತೆಗೆಸಿಕೊಡಿ ಎಂದಳು. ಆ ದವಾಖಾನೆಗೆ ಬೀಗ ಹಾಕಿದೆ. ಆ ಡಾಕ್ಟರು ಡಾಕ್ಟರಲ್ಲ. ಆಕೆ ಬೆರಳು ಚಾಚಿದ್ದು ಹೆಬ್ಬೆಟ್ಟು ಎಲ್ಲಿ ಒತ್ತಲಿ ಎಂದು ಕೇಳುವುದಕ್ಕೆ. ಕ್ಯಾಮೆರಾವನ್ನು ಆಕೆ ಕಚೇರಿ ಎಂದು ತಿಳಿದಿದ್ದಳು."

ಸಭಾಂಗಣದಲ್ಲಿ ನಗು ಹರಡಿತು. ದುಷ್ಟ ನಗುವಲ್ಲ, ಮುದ್ದಿನ ನಗು. ಕ್ಯಾಮೆರಾವನ್ನು ಕಚೇರಿ ಎಂದುಕೊಂಡ ಹಳ್ಳಿಯ ಹೆಣ್ಣು ಅವರಿಗೆ ಬಹಳ ಇಷ್ಟವಾದಳು. ಮುಂದಿನ ಸಾಲಿನ ಒಬ್ಬರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ನಿನ್ನೆ ಸತ್ಯದ ಬಗ್ಗೆ ವಾದಿಸಿದ್ದ ವಿದ್ಯಾರ್ಥಿಗಳೂ ನಗುತ್ತಿದ್ದರು. ಬೀಗದ ಮಾತು ಆ ನಗುವಿನಲ್ಲಿ ಮುಳುಗಿಹೋಯಿತು. ಅಧ್ಯಕ್ಷರು ಬೆಳಕಿನ ಸಂಯೋಜನೆಯ ಬಗೆಗಿನ ಮುಂದಿನ ಪ್ರಶ್ನೆಯನ್ನು ಎತ್ತಿಕೊಂಡರು.

ಮುಖ್ಯಸ್ಥ ನನ್ನನ್ನು ಹೊರಗೆ ಕರೆದೊಯ್ದು ಚಹಾ ಕೊಡಿಸಿದ. ಅಕ್ಕ ಹೇಗಿದ್ದಾಳೆ ಎಂದು ಕೇಳಿದ. ನಾನು ಚಹಾ ಮುಟ್ಟಲಿಲ್ಲ. "ನಾನು ಬರೆದುಕೊಟ್ಟ ಎರಡು ಹಾಳೆ ಎಲ್ಲಿ?" ಎಂದೆ.

"ಎಲ್ಲೋ ಇರಬೇಕು. ನೋಡಿ, ಚಿತ್ರಕ್ಕೆ ಹಣ ಹಾಕಿದವರಿಗೆ ಭರವಸೆಯ ಚಿತ್ರ ಬೇಕಾಗಿತ್ತು. ನಾನು ಅವರೊಡನೆ ಜಗಳಾಡಿದೆ. ಸೋತೆ."

"ಸೋತವರು ನೀವಲ್ಲ. ಎಲ್ಲವೂ ಕ್ಷೇಮ ಎಂಬ ಮಾತನ್ನು ಅವಳ ಬಾಯಿಗೆ ಹಾಕುವ ಅಧಿಕಾರ ನಿಮಗೆ ಯಾರು ಕೊಟ್ಟರು?"

ಆತ ಚಷ್ಮಾ ತೆಗೆದು ಒರೆಸಿಕೊಂಡ. ಸಿಟ್ಟಾಗಲಿಲ್ಲ. "ಆ ಬೆರಳಿನ ಅರ್ಥವನ್ನು ಅಂದು ನಾನು ನಿಮ್ಮನ್ನೇ ಕೇಳಿದೆ," ಎಂದ. "ಆಯಿತೇ ಎಂದು ಕೇಳುತ್ತಿದ್ದಾಳೆ ಎಂದಿರಿ. ಹೆಬ್ಬೆಟ್ಟೆಂದು ನೀವು ಅಂದೇ ಹೇಳಿದ್ದರೆ ನಾನು ಆ ತುಣುಕನ್ನು ಅಲ್ಲಿ ಹಾಕುತ್ತಿರಲಿಲ್ಲ. ಇಷ್ಟನ್ನು ನಂಬಿ."

ನಂಬಿದೆ. ಇಂದಿಗೂ ನಂಬುತ್ತೇನೆ. ಅದಕ್ಕೇ ಅವನನ್ನು ಪೂರ್ತಿಯಾಗಿ ದ್ವೇಷಿಸುವ ಸುಖ ನನಗೆ ದಕ್ಕಲಿಲ್ಲ.

ಅಂದು ಮಧ್ಯಾಹ್ನವೆಲ್ಲ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಅಧಿಕಾರಿಗಳ ಬೆನ್ನು ಹತ್ತಿದೆ. ಒಬ್ಬರು ಅರ್ಜಿಯನ್ನು ಬಿಡಿಸಿ, ಸಾಲುಸಾಲಾದ ಹೆಬ್ಬೆಟ್ಟುಗಳನ್ನು ನೋಡಿ, "ಇದು ಆರೋಗ್ಯ ಖಾತೆಯವರದು. ನಮ್ಮದು ಚಿತ್ರ," ಎಂದು ಮರಳಿಸಿದರು. ಅಂಚೆಯಲ್ಲಿ ಹಾಕಲು ಹೇಳಿದರು. ಅಂಚೆಯಲ್ಲಿ ಹಾಕಿದೆ. ಅಂದೇ ರೈಲು ಹತ್ತಿದೆ.

ಹಾವೇರಿಯಲ್ಲಿ ಇಳಿದು, ಎರಡು ಬಸ್ಸು ಬದಲಿಸಿ, ಉಳಿದ ದಾರಿ ನಡೆದು ಊರು ಸೇರಿದಾಗ ಮಧ್ಯಾಹ್ನ. ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಕೌದಿ ಹೊಲಿಯುತ್ತಿದ್ದಳು. ಸಣ್ಣ ಕೌದಿ, ಅವ್ವನ ಹಳೆಯ ಇಳಕಲ್ಲ ಸೀರೆಯ ತುಂಡುಗಳದು. ನನ್ನನ್ನು ಕಂಡು ಸೂಜಿ ನಿಲ್ಲಿಸಿದಳು.

"ಬಂದ್ಯಾ? ನೋಡಿದ್ಯೇನ ನನ್ನ?"

"ನೋಡಿದೆ. ಮನಿಕಿಂತ ದೊಡ್ಡಾಕಿ ಕಾಣತಿದ್ದಿ."

"ಅಯ್ಯ, ಅಷ್ಟ ದೊಡ್ಡ ಮಾರಿ ಮಂದಿ ಹೆಂಗ ತಡಕೊಂಡ್ರೋ!" ಎಂದಳು. ಆಮೇಲೆ ಧ್ವನಿ ತಗ್ಗಿಸಿ, "ನನ್ನ ಮಾತು ಕೇಳಿದ್ರೇನ?" ಎಂದಳು.

ಆ ಪಡಸಾಲೆಗೆ ಹತ್ತುವವರೆಗೂ ನಿಜವನ್ನು ಹೇಳುವವನಿದ್ದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವಳ ಮುಖ ನೋಡಿದೆ. ಅದರಲ್ಲಿ ಒಂದು ವಿಶ್ವಾಸವಿತ್ತು. ಓದಿದ ತಮ್ಮ ದಿಲ್ಲಿಯವರೆಗೆ ಹೋಗಿ ಬಂದಿದ್ದಾನೆ ಎಂಬ ವಿಶ್ವಾಸ.

"ಕೇಳಿದ್ರು ಅಕ್ಕಾ. ಎಲ್ಲಾರೂ ಚಪ್ಪಾಳಿ ಹೊಡದ್ರು."

"ಚಪ್ಪಾಳಿ ಯಾಕ? ನಾ ಏನು ಹಾಡು ಹಾಡಿದ್ನೇನ?" ಅವಳು ನನ್ನನ್ನೇ ನೋಡುತ್ತಿದ್ದಳು. "ಡಾಕ್ಟರು ಬರ್ತಾರಂತೇನು?"

"ಬರ್ತಾರಂತ," ಎಂದೆ.

ಅಕ್ಕ ಮತ್ತೆ ಸೂಜಿ ಎತ್ತಿಕೊಂಡಳು.

ಸುಳ್ಳನ್ನು ನಿಜ ಮಾಡಬೇಕೆಂದು ಮರುದಿನವೇ ಹಾನಗಲ್ಲಿಗೆ ಹೋದೆ. ಅಲ್ಲಿನ ಕಚೇರಿಯ ಸಾಹೇಬರು ನನ್ನನ್ನು ಕುಳ್ಳಿರಿಸಿದರು. "ಯಾವ ಊರು? ಓಹೋ, ನಿಮ್ಮೂರ ದವಾಖಾನಿ ನಾ ನೋಡೇನಿ," ಎಂದರು ಸಂತೋಷದಿಂದ. ಆ ಚಿತ್ರ ಊರೂರು ತಿರುಗುವ ಪ್ರಚಾರದ ಮೋಟಾರಿನಲ್ಲಿ ಆಗಲೇ ಹಾನಗಲ್ಲಿಗೆ ಬಂದು ಹೋಗಿತ್ತು. "ಡಾಕ್ಟರು ಕುಂತಾರ, ಹೆಣ್ಮಕ್ಕಳು ನಗಾಕತ್ತಾರ. ಕಣ್ಣಾರೆ ನೋಡೇನಿ. ಡಾಕ್ಟರ ಇಲ್ಲದ ಊರವರ ಅರ್ಜಿ ಇಷ್ಟೆತ್ತರ ಬಿದ್ದಾವು. ಇದ್ದ ಊರವರು ಹಿಂಗ ಮಾಡಿದ್ರ ಹೆಂಗ್ರಿ?"

"ಅದು ಖರೇ ಅಲ್ರೀ. ಆಟಕ್ಕ ಕುಂದರಿಸಿದ್ದು. ನಾನ ಅಲ್ಲಿದ್ದೆ."

"ಮತ್ತ ಅವಾಗ ಯಾಕ ಸುಮ್ಮನಿದ್ರಿ?" ಎಂದರು ಸಾಹೇಬರು. ಅವರು ಹಂಗಿಸಿದ್ದಲ್ಲ. ಕೆಲಸದ ನಡುವೆ ಸಹಜವಾಗಿ ಕೇಳಿದ್ದು.

ನಾನು ಧಾರವಾಡಕ್ಕೆ ಹೋದೆ. ಪರೀಕ್ಷೆ ಎಂಬುದು ನೆಪ. ನಿಜವಾಗಿ ಆ ಪಡಸಾಲೆಯಲ್ಲಿ ಕೂರಲಾರದೆ ಹೋದೆ. ಅಲ್ಲಿ ಕುಳಿತು ಒಂದು ವಾರಪತ್ರಿಕೆಗೆ ದೀರ್ಘ ಲೇಖನ ಬರೆದೆ. ಬಾರದ ಡಾಕ್ಟರನ್ನು, ಬೀಗದ ಕೈಯನ್ನು ಗೂಟಕ್ಕೆ ಹಾಕಿದ ಪಾಟೀಲರನ್ನು, ಸಾಹೇಬರನ್ನು, ಚಿತ್ರಕಂಪನಿಯನ್ನು, ದಿಲ್ಲಿಯ ಬಿಲ್ಲೆಗಳನ್ನು ಒಬ್ಬೊಬ್ಬರನ್ನಾಗಿ ಕಟಕಟೆಗೆ ಕರೆದೆ. ಲೇಖನ ಅಚ್ಚಾಯಿತು. ಪ್ರಾಧ್ಯಾಪಕರು ಕರೆದು ಬೆನ್ನು ತಟ್ಟಿದರು. ಬೆಂಕಿಯಂಥ ಬರಹ ಎಂದರು. ಅದರ ಯಾವ ಸಾಲನ್ನೂ ನಾನು ಇಂದು ಹಿಂತೆಗೆದುಕೊಳ್ಳುವುದಿಲ್ಲ. ಅವರೆಲ್ಲರೂ ಇನ್ನೂ ಉತ್ತರ ಕೊಡಬೇಕಾದವರೇ. ಆದರೆ ನಾನು ತಪ್ಪಾಗಿ ಅನುವಾದಿಸಿದ ಒಂದು ವಾಕ್ಯವೂ ಪಡಸಾಲೆಯಲ್ಲಿ ಆಡಿದ ಒಂದು ಪದವೂ ಆ ಲೇಖನದಲ್ಲಿ ಇರಲಿಲ್ಲ.

ಶಿವರಾತ್ರಿಗೆ ಇನ್ನೂ ಕೆಲವು ದಿನಗಳಿರುವಾಗ ತಂತಿ ಬಂತು. ನಾನು ತಲುಪಿದಾಗ ಎಲ್ಲವೂ ಮುಗಿದಿತ್ತು. ಅಕ್ಕನನ್ನೂ ಕೂಸನ್ನೂ ಒಂದೇ ಕುಣಿಯಲ್ಲಿ ಇಟ್ಟಿದ್ದರು. ಈ ಸಲವೂ ಗಾಡಿ ಅದೇ ದಾರಿಯಲ್ಲಿ ಹೋಗಿತ್ತು. ಈ ಸಲ ತಿಳವಳ್ಳಿಯಿಂದಲೇ ಮರಳಿತ್ತು. ಹಿರೇಕೆರೂರಿನಿಂದ ಬಂದ ಭಾವ ಗೋಡೆಗೆ ತಲೆಯಾನಿಸಿ ಕುಳಿತಿದ್ದ. ನಾನು ಅವನ ಪಕ್ಕದಲ್ಲಿ ಕುಳಿತೆ.

ದಿನಕರ್ಮಗಳು ಮುಗಿದು ಬಂದವರೆಲ್ಲ ಹೊರಟುಹೋದ ಮೇಲೆ ಅವ್ವನಿಗೆ ಹೇಳಿದೆ. ಬೆಳಗಿನ ಹೊತ್ತು. ಅವ್ವ ಅಕ್ಕಿ ಹಸನು ಮಾಡುತ್ತ ಹಿತ್ತಲ ಬಾಗಿಲಲ್ಲಿ ಕುಳಿತಿದ್ದಳು. ದಿಲ್ಲಿಯಲ್ಲಿ ಅಕ್ಕನ ಮಾತನ್ನು ಯಾರೂ ಕೇಳಲಿಲ್ಲ, ಮಾತೇ ಅಲ್ಲಿರಲಿಲ್ಲ, ಡಾಕ್ಟರು ಬರುತ್ತಾರೆಂದು ಯಾರೂ ಹೇಳಲಿಲ್ಲ, ಅದು ನಾನು ಹುಟ್ಟಿಸಿದ್ದು ಎಂದೆ. ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ಒಳ್ಳೆಯದಿತ್ತು.

ಅವ್ವನ ಕೈ ಮೊರದ ಮೇಲೆ ನಿಂತಿತು.

"ಹುಣ್ಣಿವಿಗೇ ಹಾನಗಲ್ಲಿಗೆ ಕರಕೊಂಡ ಹೋಗಬೇಕಂತ ಮಾಡಿದ್ದೆ ನಾ," ಎಂದಳು. "ದೊಡ್ಡ ದವಾಖಾನಿ ಹಂತ್ಯಾಕ ನನ್ನ ತಂಗಿ ಮನಿ ಐತೆಲ್ಲ, ಅಲ್ಲೇ ಇಟ್ಟರಾತು ಅಂತ. ಅಪ್ಪ ಗಾಡಿ ಹೂಡಿ ನಿಂತಿದ್ದ. ಆಕಿ ಏಳಲೇ ಇಲ್ಲ. ತಮ್ಮ ಹೇಳ್ಯಾನ, ಡಾಕ್ಟರು ಇಲ್ಲೇ ಬರ್ತಾರ, ಯಾಕ ಅವರಿವರ ಮನ್ಯಾಗ ಬಿದ್ದಿರೂದು ಅಂದ್ಲು."

ಅವ್ವ ಅಕ್ಕಿಯಲ್ಲಿ ಏನೋ ಕಂಡವಳಂತೆ ಬಾಗಿ, ಕಲ್ಲೊಂದನ್ನು ಆಯ್ದು, ಹೊರಗೆ ಎಸೆದಳು.

"ಗಾಡಿ ಬಿಚ್ಚಿಸಿದ್ವಿ," ಎಂದಳು.